ಅವರ ಬೆರಳು, ಮಗಳ ಅಕ್ಷರ

ಮೊನ್ನೆ ಠಾಣೆಗೆ ಹೋಗುವ ಲೋಕಲ್‌ನಲ್ಲಿ ಒಬ್ಬಳು ಹುಡುಗಿ ನನ್ನ ಮೇಲೆ ಸಿಟ್ಟಾದಳು.

ಲೇಡೀಸ್ ಡಬ್ಬದಲ್ಲಿ ನಾನು ನಾಲ್ಕನೆಯವಳಾಗಿ ಸೀಟಿನ ತುದಿಗೆ ಅಂಟಿಕೊಂಡಿದ್ದೆ (ಮೂವರ ಸೀಟಿನಲ್ಲಿ ನಾಲ್ಕನೆಯವಳು ಹೇಗೆ ಕೂರುತ್ತಾಳೆಂದು ನಿಮಗೆ ವಿವರಿಸಬೇಕಾಗಿಲ್ಲ). ಪಕ್ಕದ ಹುಡುಗಿ ಎರಡೂ ಹೆಬ್ಬೆರಳಿನಿಂದ ಫೋನಿನಲ್ಲಿ ಟೈಪ್ ಮಾಡುತ್ತಿದ್ದಳು. ಕಣ್ಣು ಕಿಟಕಿಯ ಹೊರಗೆ, ಬೆರಳು ಗಾಜಿನ ಮೇಲೆ. ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ನಾನು ನೋಡುತ್ತಲೇ ಉಳಿದೆ.

ಅವಳು ಫೋನನ್ನು ಎದೆಗೆ ಒತ್ತಿಕೊಂಡು ತಿರುಗಿದಳು. "ಆಂಟಿ, ಮೇರಾ ಮೆಸೇಜ್ ಪಢ್ ರಹೇ ಹೋ ಕ್ಯಾ?" ನನ್ನ ಮೆಸೇಜ್ ಓದುತ್ತಿದ್ದೀರಾ ಅಂತ.

"ನಹೀ ಬೇಟಾ. ಕೀಬೋರ್ಡ್ ದೇಖ್ ರಹೀ ಥೀ." ಕೀಬೋರ್ಡ್ ನೋಡುತ್ತಿದ್ದೆ ಅಂದೆ.

ಎದುರಿಗೆ ಬಟಾಣಿ ಬಿಡಿಸುತ್ತಾ ಕೂತಿದ್ದ ಹೆಂಗಸು ನಕ್ಕುಬಿಟ್ಟಳು. "ಕಾರಣ್ ತರೀ ಚಾಂಗ್ಲಂ ಸಾಂಗಾ, ಕಾಕೂ." ನೆಪವನ್ನಾದರೂ ಚೆನ್ನಾಗಿರುವುದು ಹೇಳಿ ಚಿಕ್ಕಮ್ಮ ಅಂತ. ಸುತ್ತಲಿನವರೂ ನಕ್ಕರು. ನಾನೂ ನಗುವವಳ ಹಾಗೆ ಮಾಡಿದೆ.

ಆದರೆ ನಾನು ಹೇಳಿದ್ದು ನಿಜ. ಈಗೀಗ ನನಗೆ ಇದೊಂದು ಚಟವಾಗಿದೆ. ಜನರ ಮುಖ ನೋಡುವುದಿಲ್ಲ, ಅವರ ಫೋನಿನ ಕೀಬೋರ್ಡ್ ನೋಡುತ್ತೇನೆ. ಕೆಲವರದರಲ್ಲಿ ಗುಲಾಬಿ ಹೂವು. ಕೆಲವರದರಲ್ಲಿ ನಕ್ಷತ್ರ ಮಿನುಗುತ್ತದೆ. ಒಬ್ಬಾಕೆ ತನ್ನ ಮಗುವಿನ ಫೋಟೊವನ್ನೇ ಕೀಗಳ ಹಿಂದೆ ಹಾಕಿಕೊಂಡಿದ್ದಳು. ಅಕ್ಷರ ಒತ್ತಿದಾಗಲೆಲ್ಲ ಮಗುವಿನ ಮೂಗು, ಕೆನ್ನೆ, ಕಣ್ಣು ಒತ್ತಿದ ಹಾಗೆ. ಚಂದವೇನೋ ಹೌದು. ಅಕ್ಷರ ಮಾತ್ರ ಕಾಣಿಸುತ್ತಿರಲಿಲ್ಲ.

ಈ ಅಂಕಣ ಕೆಲವು ತಿಂಗಳು ಬರಲಿಲ್ಲ. ಯಾಕೆಂದು ಕೇಳಿದವರಿಗೆ ಉತ್ತರ ಹೇಳುವ ಶಕ್ತಿ ಆಗ ಇರಲಿಲ್ಲ. ಈಗ ಹೇಳುತ್ತೇನೆ. ನನ್ನ ಗಂಡ ಹೋದರು. ಅವರಿಗಿಂತ ಸುಮಾರು ಒಂದು ವರ್ಷ ಮೊದಲೇ ಅವರ ಧ್ವನಿ ಹೋಗಿತ್ತು. ಆ ವರ್ಷವೆಲ್ಲ ಅವರು ಮಾತನಾಡಿದ್ದು ಒಂದು ಫೋನಿನ ಕೀಬೋರ್ಡಿನಲ್ಲಿ. ನಮ್ಮ ಠಾಕುರ್ಲಿಯ ಮನೆಯ ಜಗಳ, ತಮಾಷೆ, ಊಟ, ಔಷಧ, ಎಲ್ಲವೂ ಆ ಅಂಗೈಯಗಲದ ಗಾಜಿನ ಕೆಳಗಿನ ಅರ್ಧದಿಂದ ಎದ್ದು ಬರಬೇಕಿತ್ತು.

ಹಾಗಾಗಿ ಕೀಬೋರ್ಡ್ ನೋಡುತ್ತೇನೆ.

ಅವರು ಠಾಣೆ ಪೂರ್ವದ ಕೋಪರಿಯ ಒಂದು ವೆಜ್ ಹೋಟೆಲಿನಲ್ಲಿದ್ದರು. ಉಡುಪಿ ಕಡೆಯಿಂದ ಬಂದವರು ಮೊದಲು ನಿಲ್ಲುವ ಜಾಗದಲ್ಲೇ ಅವರೂ ನಿಂತದ್ದು, ದೋಸೆ ಕಾವಲಿಯ ಮುಂದೆ. ವರ್ಷಗಳ ಮೇಲೆ ಕೌಂಟರಿಗೆ ಬಂದರು. ಕೌಂಟರಿನಲ್ಲಿ ಕೂತು ಒಳಗೆ ಕೂಗುತ್ತಿದ್ದರು, "ದೋ ಸಾದಾ, ಏಕ್ ಮೈಸೂರ್, ತೇಲ್ ಕಮ್!" ಆ ಕೂಗಿಗೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ನಮ್ಮ ಮಗಳು ರಮ್ಯಾಳ ಆಫೀಸು ಘಣಸೋಲಿಯಲ್ಲಿ. ಠಾಣೆಯಲ್ಲಿ ಟ್ರೇನು ಬದಲಿಸುವ ಮೊದಲು ಪೂರ್ವದ ಕಡೆಗೆ ಇಳಿದು, ಅಪ್ಪನ ಹೋಟೆಲಿನಲ್ಲಿ ಇಡ್ಲಿ ತಿಂದು ಹೋಗುತ್ತಿದ್ದಳು. ಅವರು ಕೌಂಟರಿನಿಂದ ತುಳುವಿನಲ್ಲಿ ಬೈಯುತ್ತಿದ್ದರು, ಇವಳು ಹಿಂದಿಯಲ್ಲಿ ತಿರುಗಿ ಬೈಯುತ್ತಿದ್ದಳು. ಇಬ್ಬರಿಗೂ ಹೊಟ್ಟೆ ತುಂಬುತ್ತಿತ್ತು.

ಆಮೇಲೆ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಬೀಡಿ ಇಲ್ಲ, ತಂಬಾಕು ಇಲ್ಲ. (ಎಲ್ಲರೂ ಮೊದಲು ಕೇಳುವುದು ಅದನ್ನೇ. ಇಲ್ಲ ಎಂದಾಗ ಅವರಿಗೆ ಸ್ವಲ್ಪ ನಿರಾಸೆಯಾಗುತ್ತದೆ.)

ರಮ್ಯಾ ದೊಡ್ಡ ಸ್ಕ್ರೀನಿನ ಫೋನ್ ತಂದಳು. ಅದುವರೆಗೆ ಅವರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅಪ್ಪನಿಗೆ ಚಂದ ಕಾಣಲಿ ಎಂದು ಅವಳು ಕೀಬೋರ್ಡಿಗೆ ಕಪ್ಪು ಹಿನ್ನೆಲೆ ಹಾಕಿ, ಅಕ್ಷರಗಳಿಗೆ ನೀಲಿ ಬೆಳಕಿನ ಅಂಚು ಕೊಟ್ಟಳು. ಇವರು ಬಹಳ ಹೊತ್ತು ಹೆಣಗಾಡಿ ಒಂದು ಸಾಲು ಬರೆದು ನನ್ನ ಕಡೆ ಹಿಡಿದರು. ನಾನು ಗಟ್ಟಿಯಾಗಿ ಓದಿದೆ. "ಇದು ಪರ್ಮಿಟ್ ರೂಮಿನ ಹಾಗಿದೆ. ನಾವು ವೆಜ್." (ಮುಂಬೈ ಕಡೆ ಬಾರಿಗೆ ಪರ್ಮಿಟ್ ರೂಮ್ ಎನ್ನುತ್ತಾರೆ.)

ರಮ್ಯಾ ನಗುತ್ತಾ ಬಿಳಿಯ ಕೀಬೋರ್ಡ್ ಹಾಕಿಕೊಟ್ಟಳು. ಅದೂ ಕಷ್ಟವೇ. ಬಿಳಿಯ ಕೀ, ತೆಳು ಬೂದು ಅಕ್ಷರ. ಒಂದೊಂದು ಕೀಯ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಇನ್ನೊಂದು ಅಕ್ಷರ. ಅದು ಬೇಕಾದರೆ ಒತ್ತಿ ಹಿಡಿಯಬೇಕು. ಸ್ವಲ್ಪ ಬೇಗ ಬಿಟ್ಟರೆ ಬೇರೆಯದೇ ಬರುತ್ತದೆ. ಇದನ್ನು ಮಾಡಿದವರು ಯಾರ ಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು? ಸಪೂರವಾದ, ನಡುಗದ, ಅವಸರವಿಲ್ಲದ ಬೆರಳನ್ನೇ? ಅಂಥ ಬೆರಳು ಇರುವವರಿಗೆ ಸಾಮಾನ್ಯವಾಗಿ ಬಾಯಿಯೂ ಇರುತ್ತದೆ.

ನಮ್ಮವರದು ದೋಸೆ ಹುಯ್ದ ಬೆರಳು. ಕಾವಲಿಯ ಶಾಖಕ್ಕೆ ತುದಿ ಬೆಂದು ಬೆಂದು ಚರ್ಮ ದಪ್ಪಗಾಗಿತ್ತು. ಬಲಗೈಯ ತೋರುಬೆರಳಿನಿಂದ ಹತ್ತು ಸಲ ಒತ್ತಿದರೆ ಒಂಬತ್ತು ಸಲ ಫೋನಿಗೆ ಗೊತ್ತೇ ಆಗುತ್ತಿರಲಿಲ್ಲ. ಗಾಜಿಗೆ ಅದು ಬೆರಳಲ್ಲ, ಕಟ್ಟಿಗೆಯ ಚೂರು. ಅವರು ಒತ್ತಿದರು, ಕುಟ್ಟಿದರು, ಕೊನೆಗೆ ಫೋನನ್ನು ಸೋಫಾದ ಮೇಲೆ ಎಸೆದರು. ಮೂಗನೊಬ್ಬ ಹೇಗೆ ಕಿರುಚುತ್ತಾನೆಂದು ಆ ದಿನ ನೋಡಿದೆ. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು.

ಮರುದಿನ ಬೆರಳುಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದರು. ಎಡಗೈಯ ಉಂಗುರದ ಬೆರಳು ಪಾಸಾಯಿತು. ಅಡುಗೆಮನೆಯಲ್ಲಿ ಅಷ್ಟಾಗಿ ದುಡಿಯದೆ ಮೆತ್ತಗೆ ಉಳಿದಿದ್ದ ಬೆರಳು ಅದೊಂದೇ. ಅವತ್ತಿನಿಂದ ಉಳಿದ ಬೆರಳುಗಳನ್ನು ಮಡಚಿ, ಅದೊಂದನ್ನು ಚಾಚಿ ಬರೆಯುತ್ತಿದ್ದರು. ನೋಡುವವರಿಗೆ ವಿಚಿತ್ರ. ಕುಂಕುಮ ಇಡಲು ಹೊರಟವರ ಹಾಗೆ.

ಇನ್ನೊಂದು ಕಷ್ಟ ಸ್ಪೇಸ್ ಪಕ್ಕದ ಕೀ. ಭೂಗೋಳದ ಚಿತ್ರ ಇರುವುದು. ತಪ್ಪಿ ಅದಕ್ಕೆ ಬೆರಳು ತಾಗಿದರೆ ಕನ್ನಡ ಹೋಗಿ ಮರಾಠಿ ಅಕ್ಷರಗಳು ಬರುತ್ತಿದ್ದವು. ಫೋನಿನಲ್ಲಿ ಎರಡೂ ಇದ್ದವು. ಅರ್ಧ ವಾಕ್ಯ ಕನ್ನಡ, ಅರ್ಧ ದೇವನಾಗರಿ. "ಅಲ್ಲಿ ಯಾಕೆ ಇಟ್ಟಿದ್ದಾರೆ ಇದನ್ನು? ಉಪ್ಪಿನ ಡಬ್ಬದ ಪಕ್ಕ ಸೋಡಾ ಡಬ್ಬ ಇಟ್ಟ ಹಾಗೆ" ಎಂದು ಬರೆದು ತೋರಿಸಿದ್ದರು.

ಜನ ಏನು ಮಾಡುತ್ತಿದ್ದರು ಗೊತ್ತೇ? ಅವರು ಬರೆದು ತೋರಿಸಿದರೆ ಕಿರುಚಿ ಉತ್ತರ ಕೊಡುತ್ತಿದ್ದರು. ಪಕ್ಕದ ಮನೆಯ ಕಾಕೂ ಅಂತೂ ಕೈ ಬೀಸಿ, ಕಣ್ಣರಳಿಸಿ, ಊಟದ ಅಭಿನಯ ಮಾಡಿ, "ಜೇವಲಾತ್ ಕಾ?" ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದರು. ಇವರು ಫೋನ್ ನನ್ನ ಕಡೆ ಚಾಚಿದರು. "ಕಿವಿ ಕತ್ತರಿಸಿಲ್ಲ ಅಂತ ಹೇಳು ಮಾರಾಯ್ತಿ." ನಾನು ಮರಾಠಿಯಲ್ಲಿ ಹೇಳಿದೆ. ಕಾಕೂ ನಾಚಿ, ಪಿಸುಮಾತಿನಲ್ಲಿ "ಸಾರೀ" ಅಂದರು. ಅದು ಇವರಿಗೆ ಕೇಳಲಿಲ್ಲ.

ಹೀಗೆ ಎಲ್ಲವೂ ನನ್ನ ಬಾಯಿಂದಲೇ. ಅವರು ಬರೆಯುವುದು, ನಾನು ಓದಿ ಹೇಳುವುದು.

ಬೇರೆ ದಾರಿ ಇರಲಿಲ್ಲ. ಅವರು ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ ಒಂದೇ. ಮನೆಯ ಮಾತು ತುಳು. ಹಾಗಾಗಿ ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು (ಇಲ್ಲಿ ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ). ರಮ್ಯಾ ಡೊಂಬಿವಲಿಯಲ್ಲಿ ಓದಿದವಳು. ತುಳು ಪೂರ್ತಿ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಹಿಂದಿ. ಓದಲು ಇಂಗ್ಲಿಷ್ ಬರುತ್ತದೆ, ದೇವನಾಗರಿ ಬರುತ್ತದೆ. ಕನ್ನಡ ಅಕ್ಷರ ಅವಳ ಪಾಲಿಗೆ ಜಿಲೇಬಿ. ಅಪ್ಪ ಎದುರಿಗೇ ಕೂತು ಬರೆಯುತ್ತಾರೆ, ಮಗಳು ಆ ಪರದೆ ನೋಡಿ ನನ್ನ ಮುಖ ನೋಡುತ್ತಾಳೆ. "ಕ್ಯಾ ಬೋಲ್ ರಹೇ ಹೈಂ ಪಪ್ಪಾ?" ಪಪ್ಪಾ ಏನು ಹೇಳುತ್ತಿದ್ದಾರೆ ಅಂತ.

ಗಂಡ ಹೆಂಡತಿಯ ನಡುವೆ ಮೂರನೆಯವರು ಬರಬಾರದು ಎನ್ನುತ್ತಾರೆ. ಅಪ್ಪ ಮಗಳ ನಡುವೆ ಅಮ್ಮ ಬರಬಹುದೇ? ಅವರು ಮಗಳಿಗೆ ಹಾಕುತ್ತಿದ್ದ ಬೈಗುಳ ನನ್ನ ಬಾಯಲ್ಲಿ ಬರೀ ಸುದ್ದಿಯಾಗಿಬಿಡುತ್ತಿತ್ತು. ಅವಳು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದೇ ಆ ಜಗಳ.

ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ಶ್ವಾಸಕೋಶಕ್ಕೆ ಹೋಗಿದೆ ಎಂದರು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಇನ್ನೊಂದು ಸುತ್ತು ಕೀಮೋ ಕೊಡಬಹುದು, ಗುಣವಾಗುವುದಿಲ್ಲ, ಸ್ವಲ್ಪ ಸಮಯ ಸಿಗಬಹುದು, ಸಿಗದೆಯೂ ಇರಬಹುದು. ನೀವೇ ಯೋಚಿಸಿ ಎಂದರು.

ರಮ್ಯಾ ಯೋಚಿಸಲೇ ಇಲ್ಲ. "ಕರೇಂಗೇ. ಅಡ್ಮಿಷನ್ ಕಬ್ ಲೇನಾ ಹೈ, ಬಸ್ ವೋ ಬತಾಓ" ಎಂದು ಅಲ್ಲೇ ಕೇಳಿದಳು. ಮಾಡಿಸೋಣ, ಯಾವತ್ತು ಸೇರಿಸಬೇಕು ಅದನ್ನಷ್ಟೇ ಹೇಳಿ ಅಂತ.

ಮನೆಗೆ ಬಂದ ಮೇಲೆ ಅವರು ಫೋನ್ ತೆಗೆದರು. ಬರೆದು ನನ್ನ ಕಡೆ ಹಿಡಿದರು. ನಾನು ಓದಿದೆ, ಮನಸ್ಸಿನಲ್ಲಿ.

"ಅವಳಿಗೆ ಹೇಳು. ನಾನು ಇನ್ನು ಆಸ್ಪತ್ರೆಗೆ ಬರುವುದಿಲ್ಲ. ಮನೆಯಲ್ಲೇ ಇರುತ್ತೇನೆ. ಮನೆಯಲ್ಲೇ ಸಾಯುತ್ತೇನೆ."

ಇಷ್ಟು ದಿನ ಅವರು ಬರೆದದ್ದನ್ನೆಲ್ಲ ಓದಿದ್ದೆ. ಚಹಾ ಬೇಕು, ಫ್ಯಾನ್ ಹಾಕು, ಬೆನ್ನು ಉಜ್ಜು, ಆ ಸೀರೆ ನಿನಗೆ ಒಪ್ಪುವುದಿಲ್ಲ. ಇದನ್ನು ಹೇಗೆ ಓದಲಿ? ಓದಬೇಕೆಂದರೆ "ನಾನು" ಎಂದು ಶುರುಮಾಡಬೇಕು. ನನ್ನ ಗಂಡನ ಸಾವನ್ನು ನನ್ನ ಬಾಯಿಂದ, ನನ್ನ ಮಗಳ ಎದುರು. ಬಾಯಿ ತೆರೆದೆ. ಏನೂ ಬರಲಿಲ್ಲ. ಆ ಕ್ಷಣ ಮನೆಯಲ್ಲಿ ಇಬ್ಬರಿಗೆ ಧ್ವನಿ ಇರಲಿಲ್ಲ.

"ಕ್ಯಾ ಲಿಖಾ?" ರಮ್ಯಾ ಕೇಳಿದಳು. "ಮಮ್ಮೀ, ಬೋಲೋ ನಾ."

ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಅಳುವುದಕ್ಕೆ ನಲ್ಲಿಯ ಸದ್ದು ಬೇಕಲ್ಲ.

ಮುಂದಿನ ದಿನಗಳಲ್ಲಿ ಅವರು ಆ ಮಾತನ್ನು ಮತ್ತೆ ಮತ್ತೆ ನನ್ನ ಮುಂದೆ ಹಿಡಿದರು. ನಾನು ಪ್ರತಿ ಸಲ ಫೋನನ್ನು ಮಗುಚಿ ಇಟ್ಟೆ. ರಮ್ಯಾ ಅದರ ಫೋಟೊ ತೆಗೆದು ಭಾಷಾಂತರ ಮಾಡುವ ಒಂದು ಆ್ಯಪ್‌ಗೆ ಹಾಕಿದಳು. ಪಾಪ, ಆ ಆ್ಯಪ್‌ಗೆ ತುಳು ಏನು ಗೊತ್ತು? ಅದು ಕನ್ನಡ ಎಂದುಕೊಂಡು ಏನೋ ಹೇಳಿತು. ಅದರಲ್ಲಿ ಒಂದು ಹಸು ಕೂಡ ಬಂದಿತ್ತು. ಅವಳು ಅದನ್ನು ಓದಿದಾಗ ಅವರು ಭುಜ ಕುಣಿಸಿ ನಕ್ಕರು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಆಸ್ಪತ್ರೆಗೆ ಸೇರಿಸುವ ದಿನ ಗೊತ್ತಾಗಿತ್ತು. ಬ್ಯಾಗ್ ತುಂಬಿಸುವುದೂ ಶುರುವಾಗಿತ್ತು.

ಒಂದು ಭಾನುವಾರ ಬೆಳಗ್ಗೆ ನಾನು ಕೊತ್ತಂಬರಿ ಸೋಸುತ್ತಿದ್ದೆ. ಅವರು ಪಕ್ಕದಲ್ಲಿ ಕೂತು ಫೋನ್ ಒತ್ತುತ್ತಿದ್ದರು. ಕೀ ಒತ್ತಿದಾಗ ಬರುವ ಟಿಕ್ ಸದ್ದನ್ನು ಅವರು ಎಂದೂ ತೆಗೆಸಿರಲಿಲ್ಲ. ಸದ್ದು ಕೇಳಿದರೆ ತಾನು ಏನೋ ಹೇಳುತ್ತಿದ್ದೇನೆಂದು ಬೇರೆಯವರಿಗೆ ತಿಳಿಯಲಿ ಎಂದು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ನನ್ನ ಮೊಣಕೈ ತಿವಿದರು.

ಬೆರಳು ತಪ್ಪಿ ಭೂಗೋಳದ ಕೀಗೆ ತಾಗಿತ್ತು. ಮರಾಠಿ ಅಕ್ಷರಗಳು ಬಂದಿದ್ದವು. ಅವರು ಅದನ್ನು ಒತ್ತಿ ಕನ್ನಡ ಮಾಡಿದರು. ಮತ್ತೆ ಒತ್ತಿ ಮರಾಠಿ. ಕನ್ನಡ. ಮರಾಠಿ. ನನಗೆ ತಿಳಿಯಲಿಲ್ಲ. ಅವರು ಉಂಗುರ ಬೆರಳಿನಿಂದ ಒಂದೇ ಜಾಗವನ್ನು ತೋರಿಸಿದರು. ಕನ್ನಡದಲ್ಲಿ ಕ ಇದ್ದ ಕಡೆಯೇ ದೇವನಾಗರಿಯ ಕ. ಮ ಇದ್ದಲ್ಲಿ ಮ. ನ ಇದ್ದಲ್ಲಿ ನ. ಆಮೇಲೆ ಕನ್ನಡಕ್ಕೆ ಬಂದು ನನಗೆ ಬರೆದು ತೋರಿಸಿದರು.

"ಸೀಟು ಅದೇ. ಕೂತವರು ಬೇರೆ."

ಆ ಕೀಬೋರ್ಡನ್ನು ಮಾಡಿದವರ ಮೇಲೆ ಇಷ್ಟು ಹೊತ್ತು ಸಿಟ್ಟು ಮಾಡಿದೆ. ಈ ಒಂದು ಕೆಲಸಕ್ಕೆ ಅವರಿಗೆ ಕೈ ಮುಗಿಯುತ್ತೇನೆ. ಯಾರೋ, ಎಲ್ಲೋ ಕೂತು, ನಮ್ಮ ಲಿಪಿಗಳೆಲ್ಲ ಅಕ್ಕ ತಂಗಿಯರು, ಒಂದೇ ಜಾಗದಲ್ಲಿ ಕೂರಲಿ ಎಂದು ಯೋಚಿಸಿದ್ದಾರೆ. ಕಣ್ಣಿಗೆ ಅದು ಕಾಣುವುದಿಲ್ಲ. ಹೂವಿಲ್ಲ, ನಕ್ಷತ್ರವಿಲ್ಲ. ಬೆರಳಿಗೆ ಮಾತ್ರ ಗೊತ್ತಾಗುವ ಚಂದ ಅದು.

ದೇವನಾಗರಿಯನ್ನು ಕೈಯಲ್ಲಿ ಬರೆಯಲು ಅವರಿಗೆ ಬರುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಸ್ಟೇಷನ್ ಬೋರ್ಡು, ಬಸ್ಸಿನ ಬೋರ್ಡು, ಹೋಟೆಲಿನ ಮೆನು ನೋಡಿದ ಕಣ್ಣು. ಗುರುತು ಹಿಡಿಯುತ್ತಿತ್ತು. ಕನ್ನಡದಲ್ಲಿ ಹೋಗಿ ಅಭ್ಯಾಸವಾದ ದಾರಿಯಲ್ಲೇ ಬೆರಳು ಹೋಯಿತು. ಪರದೆಯ ಮೇಲೆ ಮಗಳ ಅಕ್ಷರದಲ್ಲಿ ನಮ್ಮ ತುಳು ಬರತೊಡಗಿತು. ಬ್ಯಾಕ್‌ಸ್ಪೇಸ್ ಒತ್ತಿದರು, ಮತ್ತೆ ಬರೆದರು. ನನ್ನ ಕೊತ್ತಂಬರಿ ಮುಗಿಯಿತು, ಬೆಳ್ಳುಳ್ಳಿಯೂ ಮುಗಿಯಿತು. ಅವರು ಬರೆಯುತ್ತಲೇ ಇದ್ದರು. ನನಗೆ ತೋರಿಸಲಿಲ್ಲ.

ರಮ್ಯಾ ಸ್ನಾನ ಮುಗಿಸಿ ಬಂದಳು, ತಲೆಗೆ ಟವೆಲ್ ಸುತ್ತಿಕೊಂಡು. ಅವರು ಅವಳನ್ನು ಕರೆದು ಫೋನನ್ನು ಕೈಗೇ ಕೊಟ್ಟರು. ಅವಳು ಅಭ್ಯಾಸದಂತೆ ಅದನ್ನು ನನ್ನ ಕಡೆ ಚಾಚಿದಳು. ಅವರು ಅವಳ ಕೈ ಹಿಡಿದು ತಿರುಗಿಸಿದರು. ಇಲ್ಲ, ನೀನೇ.

ಅವಳು ನೋಡಿದಳು. ಮೊದಲು ಅದು ಮರಾಠಿ ಅಂದುಕೊಂಡಳು. ಅರ್ಥವಾಗಲಿಲ್ಲ. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು.

"ಯಾ... ಯಾನ್... ಇಲ್ಲಡೇ... ಉಪ್ಪುವೆ."

ನಾನು ಮನೆಯಲ್ಲೇ ಇರುತ್ತೇನೆ.

ಅವಳ ಕಿವಿಗೆ ಅದು ಬಿದ್ದದ್ದು ಓದಿ ಮುಗಿದ ಮೇಲೆ. ಮುಖ ಬದಲಾಯಿತು. ಉಳಿದ ಸಾಲುಗಳನ್ನು ಗಟ್ಟಿಯಾಗಿ ಓದಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

"ನಹೀ ಪಪ್ಪಾ," ಎಂದಳು. "ಐಸಾ ನಹೀ ಚಲೇಗಾ. ಡಾಕ್ಟರ್ ನೇ ಬೋಲಾ ಹೈ ನಾ, ಕರ್ ಸಕತೇ ಹೈಂ. ಆಪ್ ಡರ್ ಗಯೇ ಹೋ ಬಸ್." ಹೀಗೆ ಆಗುವುದಿಲ್ಲ, ಡಾಕ್ಟರು ಮಾಡಬಹುದು ಅಂದಿದ್ದಾರಲ್ಲ, ನೀವು ಹೆದರಿದ್ದೀರಿ ಅಷ್ಟೇ ಅಂತ.

ಜಗಳ! ಅವರ ಕಣ್ಣು ಹೊಳೆಯಿತು. ಫೋನ್ ಕಿತ್ತುಕೊಂಡರು. ಟಿಕ್ ಟಿಕ್. ಅವಳು ಸೊಂಟದ ಮೇಲೆ ಕೈಯಿಟ್ಟು ಕಾದಳು. ಕೌಂಟರಿನ ಆಚೆ ಈಚೆ ನಿಂತ ಹಾಗೇ ಇತ್ತು. ಅವರು ಬರೆದದ್ದನ್ನು ಅವಳು ಓದಿದಳು. ಆಮೇಲೆ ನನಗೂ ಗೊತ್ತಾಯಿತು, ಅವಳೇ ಹೇಳಿದಳು. "ನಿನ್ನ ಡಾಕ್ಟರು ಒಳ್ಳೆಯವರು. ಅವರೂ ಸಂಜೆಯಾದರೆ ಮನೆಗೆ ಹೋಗುತ್ತಾರಲ್ಲ, ಮಗಾ?"

ಅವಳು ನಗಲು ಹೋದಳು. ಆಗಲಿಲ್ಲ. ಅವರ ಕಾಲ ಬಳಿ ನೆಲದ ಮೇಲೆ ಕೂತಳು. ತಲೆಯ ಟವೆಲ್ ಬಿಚ್ಚಿ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಒದ್ದೆ ಕೂದಲು ಅವರ ಮೊಣಕಾಲಿನ ಮೇಲೆ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮಾತುಕತೆಯಲ್ಲಿ ನನಗೆ ಏನೂ ಕೆಲಸವಿರಲಿಲ್ಲ.

"ಬೇನೆ ಉಂಡಾ, ಪಪ್ಪಾ?" ಅವಳು ಕೇಳಿದಳು. ನೋವಿದೆಯಾ?

ತುಳುವಿನಲ್ಲಿ. ಅವಳಿಗೆ ಅದು ಗೊತ್ತೇ ಆಗಲಿಲ್ಲ ಅಂತ ಕಾಣುತ್ತದೆ. ಈಗಷ್ಟೇ ತುಳು ಓದಿದ ನಾಲಗೆ, ಅದೇ ದಾರಿಯಲ್ಲಿ ಹೋಯಿತು. ಇಡೀ ಬಾಲ್ಯದಲ್ಲಿ ನಾವು ಗದರಿಸಿ, ಮುದ್ದು ಮಾಡಿ, ಊರಿಗೆ ಕರೆದುಕೊಂಡು ಹೋಗಿ ಬರಿಸಲಾಗದ ಮಾತು.

ಅವರು ಹೌದೆಂದು ತಲೆ ಆಡಿಸಿದರು.

ಅವಳು ಬಿದ್ದ ಟವೆಲನ್ನು ಎತ್ತಿ ಮಡಚಿ, "ಆವಡ್" ಎಂದಳು. ಆಗಲಿ.

ಬ್ಯಾಗಿನಿಂದ ಬಟ್ಟೆಗಳನ್ನು ಅವಳೇ ತೆಗೆದು ಕಪಾಟಿನಲ್ಲಿಟ್ಟಳು. ಡಾಕ್ಟರಿಗೆ ಫೋನ್ ಮಾಡಿ, ನೋವಿಗೆ ಮಾತ್ರ ಔಷಧ ಬರೆದುಕೊಡಿ ಎಂದು ಕೇಳಿದವಳೂ ಅವಳೇ.

ಆಮೇಲೆ ಉಳಿದ ದಿನಗಳು ಹೆಚ್ಚಿರಲಿಲ್ಲ. ಆದರೆ ಮನೆ ತುಂಬ ಮಾತಿತ್ತು. ಅವಳು ಆಫೀಸಿನಿಂದ ಬಂದು ಕಾಲು ತೊಳೆದು ಅವರ ಮಂಚದ ಬಳಿ ಕೂರುತ್ತಿದ್ದಳು. ಒಳಗೆ ಟಿಕ್ ಟಿಕ್ ಸದ್ದು, ನಡುವೆ ಅವಳ ಮುರುಕು ತುಳು. ತಪ್ಪು ಹೇಳಿದರೆ ಅವರು ಮಂಚದ ಕಟ್ಟಿಗೆಗೆ ಬಡಿಯುತ್ತಿದ್ದರು. ಅವಳು ಸರಿಮಾಡಿಕೊಳ್ಳುತ್ತಿದ್ದಳು. ನಾನು ಹೊರಗೆ ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆ. ಹೊಟ್ಟೆಕಿಚ್ಚಾಯಿತೇ? ಸ್ವಲ್ಪ. ಏನು ಬರೆಯುತ್ತಾರೆಂದು ಕೇಳಲಿಲ್ಲ. ಅವರ ಬಾಯಾಗಿದ್ದವಳಿಗೆ ರಜೆ ಸಿಕ್ಕಿತ್ತು. ಹೆಂಡತಿಯಾಗಿ ಕಾಲು ಒತ್ತಲು ಸಮಯ ಸಿಕ್ಕಿತ್ತು.

ಅವರು ಒಂದು ಮಧ್ಯಾಹ್ನ ಹೋದರು. ಮನೆಯಲ್ಲೇ. ಫೋನು ದಿಂಬಿನ ಪಕ್ಕ ಇತ್ತು. ಅದರಲ್ಲಿ ಏನೂ ಬರೆದಿರಲಿಲ್ಲ. ಹೇಳಬೇಕಾದದ್ದೆಲ್ಲ ಹೇಳಿ ಆಗಿತ್ತು.

ಊರಿನವರು ಬಂದರು, ಹೋದರು. ರಮ್ಯಾ ಮತ್ತೆ ಘಣಸೋಲಿಗೆ ಹೋಗತೊಡಗಿದಳು. ಈಗ ಮನೆಯಲ್ಲಿ ನಾವಿಬ್ಬರು. ಇಬ್ಬರಿಗೂ ಬಾಯಿ ಇದೆ, ಇಬ್ಬರಿಗೂ ಕಿವಿ ಇದೆ, ಯಾರಿಗೂ ಕೀಬೋರ್ಡ್ ಬೇಕಾಗಿಲ್ಲ. ನಾನು ತುಳುವಿನಲ್ಲಿ ಕೇಳುತ್ತೇನೆ, ಊಟ ಬಡಿಸಲಾ ಅಂತ. ಅವಳು ಬ್ಯಾಗ್ ಇಳಿಸುತ್ತಾ, "ಭೂಖ್ ನಹೀ ಹೈ, ಮಮ್ಮೀ" ಅನ್ನುತ್ತಾಳೆ. ಹಸಿವಿಲ್ಲ ಅಂತ.

ಕಳೆದ ವಾರ ತಡೆಯಲಾರದೆ ಕೇಳಿಯೇಬಿಟ್ಟೆ. "ನನ್ನ ಹತ್ತಿರವೂ ಒಮ್ಮೆ ತುಳುವಿನಲ್ಲಿ ಮಾತಾಡು ಮಗಾ."

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಬರೀ ದಣಿವು. "ಆಪ್ ಕೋ ತೋ ಹಿಂದೀ ಸಮಝ್ ಮೇಂ ಆತೀ ಹೈ ನಾ, ಮಮ್ಮೀ."

ನಿಜ. ನನಗೆ ಹಿಂದಿ ಎಲ್ಲ ಅರ್ಥವಾಗುತ್ತದೆ.

ಅವಳ ಬಾಯಿಂದ ನಮ್ಮ ತುಳುವನ್ನು ಇನ್ನೊಮ್ಮೆ ಕೇಳಬೇಕಾದರೆ, ಈ ಮನೆಯಲ್ಲಿ ಇನ್ನೊಂದು ಗಂಟಲು ಹೋಗಬೇಕೇ?